ಮಣ್ಣಿನ ಚೀಟಿಯಲ್ಲಿ ಜೇಡಿಯ ಲೆಕ್ಕವೂ ಇರಲಿ: ಮಂಡ್ಯದ ಕೃಷಿ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಕೃಷಿ ಅಧಿಕಾರಿಗಳಿಗೆ, ಮಣ್ಣು ಪರೀಕ್ಷೆಯ ಕೆಲಸ ಮಾಡುವವರಿಗೆ, ನಾಲೆ ಬಯಲಿನ ರೈತ ಬಂಧುಗಳಿಗೆ ನಮಸ್ಕಾರ.

ನಾನು ಮದ್ದೂರು ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮನೆಯಲ್ಲಿ ಭತ್ತ, ಕಬ್ಬು ಬೆಳೆಯುತ್ತೇವೆ. ಜಮೀನು ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ನಿಮ್ಮಲ್ಲಿ ಕೇಳುವುದು ಎರಡು ವಿಷಯ. ಮಣ್ಣು ಆರೋಗ್ಯ ಚೀಟಿಯಲ್ಲಿ, ಆ ಮಣ್ಣಿನಲ್ಲಿ ಮರಳು ಎಷ್ಟು, ಜೇಡಿ ಎಷ್ಟು ಅಂತ ಬರೆದುಕೊಡಿ. ರಸಸಾರ (ಪಿಎಚ್) 8.5 ದಾಟಿದ ಜಮೀನುಗಳಿಗೆ ಸೋಡಿಯಂ ಪರೀಕ್ಷೆಯನ್ನೂ ಮಾಡಿಸಿ, ಎಕರೆಗೆ ಎಷ್ಟು ಜಿಪ್ಸಂ ಬೇಕು ಅನ್ನುವುದನ್ನು ಅದೇ ಚೀಟಿಯಲ್ಲಿ ಕೊಡಿ. ಇಷ್ಟು ಆದರೆ ನಾಲೆ ಬಯಲಿನ ಎಷ್ಟೋ ಮನೆಗಳಲ್ಲಿ ಗೊಬ್ಬರದ ದುಡ್ಡು ಉಳಿಯುತ್ತದೆ, ಕೆಲವು ಗದ್ದೆಗಳು ಮತ್ತೆ ಪೈರು ಕಾಣುತ್ತವೆ. ಇದು ನನ್ನ ಗಟ್ಟಿ ನಂಬಿಕೆ. ಕಾರಣ ಹೇಳುತ್ತೇನೆ, ಸ್ವಲ್ಪ ಸಮಾಧಾನವಾಗಿ ಓದಿ.

ಮಣ್ಣು ಆರೋಗ್ಯ ಚೀಟಿ ಯೋಜನೆ ಶುರುವಾದದ್ದು 2015ರ ಫೆಬ್ರವರಿಯಲ್ಲಿ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಚೀಟಿಯಲ್ಲಿ 12 ಅಂಶಗಳಿರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ ಇವೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಇವೆ. ಕೊನೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಇವೆಲ್ಲ ಬೇಕಾದವೇ. ಆದರೆ ಇವು ಹೇಳುವುದು ಈ ಹೊತ್ತಿಗೆ ಮಣ್ಣಿನಲ್ಲಿ ಏನಿದೆ ಅಂತ ಮಾತ್ರ. ಹಾಕಿದ ಗೊಬ್ಬರವನ್ನು ಆ ಮಣ್ಣು ಎಷ್ಟು ದಿನ ಹಿಡಿದಿಟ್ಟುಕೊಳ್ಳುತ್ತದೆ, ನೀರನ್ನು ಕೆಳಕ್ಕೆ ಬಿಡುತ್ತದೋ ಮೇಲೆಯೇ ನಿಲ್ಲಿಸುತ್ತದೋ, ಕೆಟ್ಟರೆ ಯಾವ ರೀತಿ ಕೆಡುತ್ತದೆ? ಇದಕ್ಕೆಲ್ಲ ಉತ್ತರ ಕಣಗಳ ಲೆಕ್ಕದಲ್ಲಿದೆ. ಆ ಲೆಕ್ಕ ಈ ಹನ್ನೆರಡರಲ್ಲಿ ಇಲ್ಲ.

ಕಣ ಅಂದರೆ ಏನು ಅಂತ ನಮ್ಮ ರೈತರಿಗೆ ಒಂದೆರಡು ಮಾತು. 2 ಮಿಲಿಮೀಟರಿಗಿಂತ ದಪ್ಪ ಇದ್ದರೆ ಅದು ಗರಸು, ಕಲ್ಲು. ಅದಕ್ಕಿಂತ ಸಣ್ಣದು ಮರಳು. ಮರಳಿಗಿಂತ ಸಣ್ಣದು ರೇವೆ, ಬೆರಳಲ್ಲಿ ಉಜ್ಜಿದರೆ ನುಣುಪು, ಆದರೆ ಅಂಟುವುದಿಲ್ಲ. 0.002 ಮಿಲಿಮೀಟರಿಗಿಂತ ಸಣ್ಣದು ಜೇಡಿ. ದಪ್ಪ ಮರಳಿನ ಕಣಕ್ಕೂ ಜೇಡಿಯ ಕಣಕ್ಕೂ ಸಾವಿರ ಪಟ್ಟು ವ್ಯತ್ಯಾಸ. ಬರಿಗಣ್ಣಿಗೆ ಜೇಡಿಯ ಕಣ ಕಾಣುವುದೇ ಇಲ್ಲ.

ಅಷ್ಟು ಸಣ್ಣದಾದರೆ ಏನಾಗುತ್ತದೆ ನೋಡಿ. ಒಂದು ಸೆಂಟಿಮೀಟರ್ ಅಗಲದ ಚೌಕ ಕಲ್ಲಿನ ಮೈ ಒಟ್ಟು 6 ಚದರ ಸೆಂಟಿಮೀಟರ್. ಅದೇ ಕಲ್ಲನ್ನು 0.002 ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಎಲ್ಲ ತುಂಡುಗಳ ಮೈ ಸೇರಿ 3 ಚದರ ಮೀಟರ್ ಆಗುತ್ತದೆ. ಜೇಡಿ ಕಣಗಳು ಚೌಕವೂ ಅಲ್ಲ, ಒಬ್ಬಟ್ಟು ಜೋಡಿಸಿಟ್ಟ ಹಾಗೆ ಪದರ ಪದರವಾಗಿರುತ್ತವೆ. ಎರೆ ಮಣ್ಣಿನ ಜೇಡಿಯಲ್ಲಿ ಈ ಪದರಗಳ ನಡುವೆಯೂ ನೀರು ಹೊಕ್ಕುತ್ತದೆ. ಹೀಗಾಗಿ ಅಂಥ ಜೇಡಿ ಒಂದೇ ಗ್ರಾಂ ತೆಗೆದುಕೊಂಡರೂ ಅದರ ಒಳಮೈ ಹೊರಮೈ ಸೇರಿ 600ರಿಂದ 800 ಚದರ ಮೀಟರ್ ಇರುತ್ತದೆ. ನೀರು, ಗೊಬ್ಬರ, ಉಪ್ಪು ಎಲ್ಲ ಹಿಡಿದುಕೊಳ್ಳುವುದು ಈ ಮೈಗೆ. ಮರಳು ಎಷ್ಟೇ ಇರಲಿ, ಅದರ ಮೈ ತೀರಾ ಕಡಿಮೆ.

ಇನ್ನು ನಮ್ಮ ಜಿಲ್ಲೆಯ ವಿಷಯ. ಮಂಡ್ಯದ ಅಡಿಪಾಯ ಬಹುಪಾಲು ಗ್ರಾನೈಟು, ನೈಸ್ ಕಲ್ಲು. ಶ್ರೀರಂಗಪಟ್ಟಣದ ಸುತ್ತ, ಮೇಲುಕೋಟೆಯ ಕಡೆ ಓಡಾಡಿದವರಿಗೆ ಈ ಬಂಡೆಗಳು ಚೆನ್ನಾಗಿ ಗೊತ್ತು. ಈ ಕಲ್ಲಿನಲ್ಲಿ ಬಿಳಿ ಹೊಳಪಿನ ಕ್ವಾರ್ಟ್ಜ್ ಇದೆ, ಫೆಲ್ಡ್‌ಸ್ಪಾರ್ ಇದೆ, ಕಾಗೆಬಂಗಾರ ಅಂತ ಮಕ್ಕಳು ಹೆಕ್ಕುವ ಅಭ್ರಕ ಇದೆ. ಸಾವಿರಾರು ವರ್ಷದ ಮಳೆಗೂ ಬಿಸಿಲಿಗೂ ಕ್ವಾರ್ಟ್ಜ್ ಜಗ್ಗುವುದಿಲ್ಲ. ಅದು ಪುಡಿಯಾಗಿ ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ಮಾತ್ರ ಕರಗಿ ಜೇಡಿಯಾಗುತ್ತದೆ. ನೀರು ಚೆನ್ನಾಗಿ ಬಸಿಯುವ ಏರುಜಾಗದಲ್ಲಿ ಸುಣ್ಣ, ಪೊಟ್ಯಾಷ್, ಸೋಡಿಯಂ ಎಲ್ಲ ತೊಳೆದುಹೋಗಿ ಕಯೋಲಿನೈಟ್ ಅನ್ನುವ ಸಾಧು ಜೇಡಿ ಉಳಿಯುತ್ತದೆ. ಕಬ್ಬಿಣ ತುಕ್ಕಾಗಿ ಮಣ್ಣಿಗೆ ಕೆಂಪು ಕೊಡುತ್ತದೆ. ನಮ್ಮ ಕೆಬ್ಬೆ ಮಣ್ಣು ಆದದ್ದು ಹೀಗೆ. ಮೇಲಿನಿಂದ ತೊಳೆದುಬಂದದ್ದೆಲ್ಲ ತಗ್ಗಿನಲ್ಲಿ ಸೇರುತ್ತದೆ. ಅಲ್ಲಿ ನೀರು ಬಸಿಯುವುದಿಲ್ಲ, ಸುಣ್ಣ ಮೆಗ್ನೀಸಿಯಂ ಜಾಸ್ತಿ. ಅಲ್ಲಿ ಹುಟ್ಟುವುದು ನೆಂದರೆ ಉಬ್ಬಿ ಒಣಗಿದರೆ ಬಿರಿಯುವ ಬೇರೆ ಜಾತಿಯ ಜೇಡಿ. ಒಂದೇ ಕಲ್ಲಿನಿಂದ ಎರಡು ಮಣ್ಣು! ಏರಿನಿಂದ ತಗ್ಗಿಗೆ ನಡೆದು ಇಳಿದರೆ ಸಾಕು, ಮಣ್ಣು ಬದಲಾಗಿರುತ್ತದೆ.

ಚೀಟಿಗೂ ಇದಕ್ಕೂ ಸಂಬಂಧ ಇಲ್ಲಿದೆ. ಯೋಜನೆ ಶುರುವಾದಾಗ ಮಾಡಿಕೊಂಡ ಲೆಕ್ಕದಲ್ಲಿ ನೀರಾವರಿ ಜಮೀನಿಗೆ 2.5 ಹೆಕ್ಟೇರಿಗೆ ಒಂದು ಮಣ್ಣಿನ ಮಾದರಿ, ಮಳೆ ಆಶ್ರಯದ ಜಮೀನಿಗೆ 10 ಹೆಕ್ಟೇರಿಗೆ ಒಂದು. 2.5 ಹೆಕ್ಟೇರ್ ಅಂದರೆ ಆರು ಎಕರೆಗಿಂತ ಸ್ವಲ್ಪ ಜಾಸ್ತಿ. ಮಂಡ್ಯದಲ್ಲಿ ಆರು ಎಕರೆ ಅಂದರೆ ನಾಲ್ಕೈದು ಮನೆಯವರ ಜಮೀನು. ನಾಲೆಯ ಏರಿಯ ಪಕ್ಕದ ಕೆಬ್ಬೆ ಹೊಲವೂ ಅದರಲ್ಲೇ ಬರಬಹುದು, ಹಳ್ಳದ ಪಕ್ಕದ ಕಪ್ಪು ಗದ್ದೆಯೂ ಅದರಲ್ಲೇ ಬರಬಹುದು. ಆ ಲೆಕ್ಕದಲ್ಲಿ ಎಲ್ಲರ ಕೈಗೂ ಒಂದೇ ಅಂಕಿ ಸಿಗುತ್ತದೆ. ರಂಜಕ, ಪೊಟ್ಯಾಷ್ ಸರಾಸರಿ ಏನೋ ಒಂದು ಇರುತ್ತದೆ ಅಂತ ಇಟ್ಟುಕೊಳ್ಳಿ. ಜೇಡಿಯ ಲೆಕ್ಕ ಇದ್ದಿದ್ದರೆ ಆ ಸರಾಸರಿ ಎಷ್ಟು ಪೊಳ್ಳು ಅನ್ನುವುದು ತಕ್ಷಣ ಗೊತ್ತಾಗುತ್ತಿತ್ತು.

ಗೊಬ್ಬರದ ವಿಚಾರಕ್ಕೆ ಬರೋಣ. ಜೇಡಿಯ ಪದರಗಳಲ್ಲಿ ಋಣ ವಿದ್ಯುದಂಶ ಇರುತ್ತದೆ. ಪೊಟ್ಯಾಷಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಮೋನಿಯಂ, ಸೋಡಿಯಂ ಇವೆಲ್ಲ ಧನ ಅಯಾನುಗಳು, ಅಂದರೆ ಧನ ವಿದ್ಯುದಂಶ ಇರುವ ಕಣಗಳು. ಅವು ಜೇಡಿಯ ಮೈಗೆ ಅಂಟಿಕೊಂಡಿರುತ್ತವೆ, ಬೇರೊಂದು ಬಂದರೆ ಜಾಗ ಬಿಟ್ಟುಕೊಡುತ್ತವೆ. ಇದನ್ನು ಮೊದಲು ಕಂಡವರಲ್ಲಿ ಒಬ್ಬ ಇಂಗ್ಲೆಂಡಿನ ಯಾರ್ಕ್‌ಷೈರಿನ ಎಚ್. ಎಸ್. ಥಾಂಪ್ಸನ್. ಮಣ್ಣು ತುಂಬಿದ ಕೊಳವೆಯಲ್ಲಿ ಅಮೋನಿಯಂ ಸಲ್ಫೇಟ್ ಕರಗಿದ ನೀರು ಹಾಯಿಸಿದ. ಕೆಳಗೆ ಬಂದ ನೀರಿನಲ್ಲಿ ಅಮೋನಿಯಂ ಬದಲು ಕ್ಯಾಲ್ಸಿಯಂ ಇತ್ತು. ಮಣ್ಣು ಅಮೋನಿಯಂ ಇಟ್ಟುಕೊಂಡು ಕ್ಯಾಲ್ಸಿಯಂ ಬಿಟ್ಟುಕೊಟ್ಟಿತ್ತು. ಈ ಕೆಲಸ ಪ್ರಕಟವಾದದ್ದು 1850ರಲ್ಲಿ. ಬೆನ್ನಿಗೇ ಜೆ. ಥಾಮಸ್ ವೇ ಅನ್ನುವ ರಸಾಯನ ವಿಜ್ಞಾನಿ ಇದನ್ನು ಇನ್ನೂ ವಿವರವಾಗಿ ಪರೀಕ್ಷಿಸಿದ. ಇಂದು ರೈತ ಸಂಪರ್ಕ ಕೇಂದ್ರದಲ್ಲಿ ಕೊಡುವ ಪ್ರತಿ ಗೊಬ್ಬರದ ಸಲಹೆಯ ಅಡಿಯಲ್ಲೂ ಈ ಒಂದು ಸಂಗತಿ ಇದೆ.

ಈ ಹಿಡಿದಿಟ್ಟುಕೊಳ್ಳುವ ಶಕ್ತಿ ಎಲ್ಲ ಜೇಡಿಗೂ ಒಂದೇ ಅಲ್ಲ. ಕೆಬ್ಬೆಯ ಕಯೋಲಿನೈಟಿಗೆ 3ರಿಂದ 15 ಮಾನ (100 ಗ್ರಾಂಗೆ ಇಷ್ಟು ಮಿಲಿ ಈಕ್ವಿವಲೆಂಟ್ ಅನ್ನುವ ಅಳತೆ) ಅಂತಿದ್ದರೆ, ಎರೆ ಮಣ್ಣಿನ ಉಬ್ಬುವ ಜೇಡಿಯಾದ ಮಾಂಟ್‌ಮೊರಿಲೊನೈಟಿಗೆ ಅದೇ ಅಳತೆಯಲ್ಲಿ 80ರಿಂದ 150. ಕಡಿಮೆ ಅಂದರೂ ಐದು ಪಟ್ಟಿಗೆ ಮೀರಿದ ಅಂತರ. ಹಾಗಾದರೆ ಮರಳು ಮಿಶ್ರಿತ ಕೆಬ್ಬೆ ಹೊಲಕ್ಕೆ ಯೂರಿಯ, ಪೊಟ್ಯಾಷ್ ಎಲ್ಲ ಒಂದೇ ಸಲ ಸುರಿದರೆ ಏನಾಗುತ್ತದೆ? ಹಿಡಿದುಕೊಳ್ಳಲು ಜಾಗ ಇಲ್ಲ. ಎರಡು ನೀರು ಬಿಟ್ಟರೆ ಬಹುಪಾಲು ಬೇರಿನಿಂದ ಕೆಳಗೆ. ಅಲ್ಲಿ ಅದೇ ಗೊಬ್ಬರವನ್ನು ಮೂರು ನಾಲ್ಕು ಕಂತು ಮಾಡಿ ಕೊಡಬೇಕು. ಕಪ್ಪು ಗದ್ದೆಯಲ್ಲಿ ಅಷ್ಟು ಕಂತು ಬೇಕಾಗಿಲ್ಲ, ಆದರೆ ಬೇರೆ ಫಜೀತಿ ಇದೆ. ರಸಸಾರ ಜಾಸ್ತಿ ಇರುವಲ್ಲಿ ಯೂರಿಯವನ್ನು ಮಣ್ಣಿನ ಮೇಲೆ ಎರಚಿ ಬಿಟ್ಟರೆ ಅದು ಅಮೋನಿಯ ಅನಿಲವಾಗಿ ಗಾಳಿಗೆ ಹೋಗುತ್ತದೆ. ಮಣ್ಣಿನಲ್ಲಿ ಸತು ಇದ್ದರೂ ಪೈರಿಗೆ ಸಿಗುವುದಿಲ್ಲ, ಭತ್ತದ ಎಲೆಯ ಮೇಲೆ ತುಕ್ಕು ಬಣ್ಣದ ಚುಕ್ಕೆ ಬೀಳುತ್ತದೆ. ಇವೆರಡು ಹೊಲಗಳಿಗೆ ಒಂದೇ ಶಿಫಾರಸು ಕೊಡುವುದು ಸರಿಯೇ?

ಈಗ ಎರಡನೆಯ ಕೋರಿಕೆಗೆ ಬರುತ್ತೇನೆ. ಇದರ ಬಗ್ಗೆ ನನಗೆ ಹೆಚ್ಚು ಸಂಕಟ.

ಕನ್ನಂಬಾಡಿ ಕಟ್ಟೆ ಕಟ್ಟಲು ಶುರು ಮಾಡಿದ್ದು 1911ರಲ್ಲಿ. 1930ರ ದಶಕದಲ್ಲಿ, ಆಗ ಇರ್ವಿನ್ ನಾಲೆ ಅಂತ ಕರೆಯುತ್ತಿದ್ದ ಈ ನಾಲೆಯ ನೀರು ಹುಲಿಕೆರೆ ಸುರಂಗ ದಾಟಿ ಮಂಡ್ಯದ ಬಯಲಿಗೆ ಬಂತು. 1933ರಲ್ಲಿ ಸಕ್ಕರೆ ಕಾರ್ಖಾನೆ ಆಯಿತು. ರಾಗಿ, ಹುರುಳಿ ಬೆಳೆದುಕೊಂಡಿದ್ದ ಹೊಲಗಳು ಗದ್ದೆಯಾದವು. ಈ ನೀರು ನಮ್ಮ ಅನ್ನ, ನಮ್ಮ ಓದು, ನಮ್ಮ ಮದುವೆ ಮುಂಜಿ ಎಲ್ಲವೂ ಹೌದು. ಅದನ್ನು ಮರೆತು ಮಾತಾಡುವ ಮನಸ್ಸು ನನಗಿಲ್ಲ. ಆದರೆ ನೀರು ತಂದಷ್ಟೇ ಆಸ್ಥೆಯಿಂದ ನೀರು ಹೊರಗೆ ಹೋಗುವ ದಾರಿಯನ್ನು ನೋಡಿಕೊಳ್ಳಲಿಲ್ಲ. ನಾಲೆಯಿಂದ ಇಂಗುವ ನೀರು, ಮೇಲಿನ ಗದ್ದೆಯಿಂದ ಬಸಿಯುವ ನೀರು ತಗ್ಗಿಗೆ ಸೇರಿ ಅಂತರ್ಜಲ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಆ ನೀರು ಮಣ್ಣಿನ ಮೂಲಕ ಏರಿ ಬಿಸಿಲಿಗೆ ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಮೇಲೆಯೇ ಉಳಿಯುತ್ತದೆ. ಉಪ್ಪು ಎಲ್ಲಿಂದ ಬಂತು ಅಂದರೆ, ಆಗ ಹೇಳಿದ ಅದೇ ಫೆಲ್ಡ್‌ಸ್ಪಾರ್ ಕಲ್ಲಿನಿಂದ. ಅದರೊಳಗಿನ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕೂತುಬಿಡುತ್ತದೆ. ಸೋಡಿಯಂ ಕೂರುವುದಿಲ್ಲ, ನೀರಿನಲ್ಲೇ ಉಳಿದು ಜೇಡಿಯ ಮೈಮೇಲೆ ಜಾಗ ಹಿಡಿಯುತ್ತದೆ.

ನಮ್ಮ ಹಿರಿಯರು ಇದನ್ನು ಚೌಳು ಅನ್ನುತ್ತಾರೆ. ಹಿಂದೆ ಅಗಸರು ಬಟ್ಟೆ ಒಗೆಯಲು ಚೌಳು ಮಣ್ಣು ಕೆರೆದು ಒಯ್ಯುತ್ತಿದ್ದರು. ಅದರಲ್ಲಿರುವ ಸೋಡಿಯಂ ಕಾರ್ಬೊನೇಟೇ ಬಟ್ಟೆಯ ಕೊಳೆ ತೆಗೆಯುತ್ತಿತ್ತು. ನಮ್ಮ ಪಕ್ಕದ ಗದ್ದೆಯ ಅಜ್ಜ ಒಬ್ಬರು ಹೇಳುತ್ತಾರೆ: "ಈ ಮಣ್ಣು ನೀರು ಕುಡಿಯಾಕಿಲ್ಲ ಕಣವ್ವ. ಬಿಸ್ಲು ಬಂದ್ರೆ ಕಲ್ಲು, ಮಳೆ ಬಂದ್ರೆ ಅಂಟು." ಅವರು ಹೇಳಿದ್ದು ಅಕ್ಷರಶಃ ವಿಜ್ಞಾನ. ಕ್ಯಾಲ್ಸಿಯಂ ಇದ್ದಾಗ ಜೇಡಿಯ ಕಣಗಳು ಒಂದನ್ನೊಂದು ಹಿಡಿದು ಗುಂಪಾಗಿರುತ್ತವೆ. ಗುಂಪುಗಳ ನಡುವೆ ಸಂದು ಇರುತ್ತದೆ, ನೀರು ಗಾಳಿ ಆಡುತ್ತದೆ. ಸೋಡಿಯಂ ಬಂದು ಕೂತರೆ ಗುಂಪು ಒಡೆಯುತ್ತದೆ. ಬಿಡಿ ಕಣಗಳು ಸಂದಿಗೆ ಹೋಗಿ ಮುಚ್ಚಿಕೊಳ್ಳುತ್ತವೆ. ಮೇಲೆ ನೀರು ನಿಂತಿದ್ದರೂ ಒಂದು ಗೇಣು ಕೆಳಗೆ ಮಣ್ಣು ಒಣಗಿರುತ್ತದೆ.

ಇದನ್ನು ನನ್ನ ಶಾಲೆಯ ಮಕ್ಕಳು ಕಣ್ಣಾರೆ ನೋಡಿದ್ದಾರೆ. ಅಜ್ಜನ ಗದ್ದೆಯ ಮಣ್ಣನ್ನೇ ಎರಡು ಗಾಜಿನ ಬಾಟಲಿಗೆ ಸಮನಾಗಿ ಹಾಕಿ, ಮಳೆನೀರು ತುಂಬಿ ಚೆನ್ನಾಗಿ ಕುಲುಕಿಸಿದೆ. ಮರಳು ಒಂದು ನಿಮಿಷದೊಳಗೆ ತಳ ಸೇರಿತು. ಅದರ ಮೇಲೆ ರೇವೆ ನಿಧಾನವಾಗಿ ಕೂತಿತು. ನೀರು ಮಾತ್ರ ಕಂದು ಬಣ್ಣಕ್ಕೇ ನಿಂತಿತ್ತು. ಲೆಕ್ಕದ ಪ್ರಕಾರ ಜೇಡಿಯ ದಪ್ಪ ಕಣವೇ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಬೇಕು. ಅದಕ್ಕಿಂತ ಸಣ್ಣವು ದಿನಗಟ್ಟಲೆ ತೇಲುತ್ತವೆ. ಒಂದು ಬಾಟಲಿಗೆ ಅರ್ಧ ಚಮಚ ಜಿಪ್ಸಂ ಪುಡಿ ಹಾಕಿ ಮತ್ತೆ ಕುಲುಕಿಸಿ ಇಟ್ಟೆವು. ಸ್ವಲ್ಪ ಹೊತ್ತಿಗೆ ಅದರಲ್ಲಿ ಕಣಗಳು ಹತ್ತಿಯ ಎಳೆಯಂತೆ ಕೂಡಿಕೊಂಡು ಇಳಿಯತೊಡಗಿದವು. ಮರುದಿನ ಬೆಳಿಗ್ಗೆ ಆ ಬಾಟಲಿಯ ನೀರಿನ ಮೂಲಕ ಆಚೆ ಇಟ್ಟ ಪುಸ್ತಕದ ಅಕ್ಷರ ಓದಬಹುದಾಗಿತ್ತು. ಇನ್ನೊಂದು ಬಾಟಲಿ ಹಾಗೇ ಕದಡಿಕೊಂಡಿತ್ತು. ಒಂದೇ ಮಣ್ಣು, ಒಂದೇ ನೀರು. ಕ್ಯಾಲ್ಸಿಯಂ ಬಂದದ್ದೊಂದೇ ವ್ಯತ್ಯಾಸ. ಯಾವ ರೈತನಾದರೂ ಮನೆಯಲ್ಲಿ ಮಾಡಿ ನೋಡಬಹುದು. ಬಾಟಲಿ ಒಂದು ವಾರ ಕದಡಿಕೊಂಡೇ ಇದ್ದರೆ ಆ ಗದ್ದೆಗೆ ಸೋಡಿಯಂ ಪರೀಕ್ಷೆ ಮಾಡಿಸಲೇಬೇಕು.

ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಜೇಡಿಯ ಮೇಲಿನ ಸೋಡಿಯಂ ತಳ್ಳಿ ಅಲ್ಲಿ ಕೂರುತ್ತದೆ. ಹೊರಬಂದ ಸೋಡಿಯಂ ಸಲ್ಫೇಟ್ ನೀರಿನಲ್ಲಿ ಕರಗಿ ಹೋಗಬೇಕು. ಹೋಗಲು ದಾರಿ ಬೇಕು, ಅಂದರೆ ಬಸಿಗಾಲುವೆ. ಹೂಳು ತುಂಬಿ, ಜೊಂಡು ಬೆಳೆದು, ಕೆಲವು ಕಡೆ ಒತ್ತುವರಿಯಾಗಿ ಕಟ್ಟಿಕೊಂಡಿರುವ ಬಸಿಗಾಲುವೆಯ ಪಕ್ಕದಲ್ಲಿ ಜಿಪ್ಸಂ ಎರಚಿದರೆ ಅದು ಸುಮ್ನೆ ದುಡ್ಡು ದಂಡ. ಹಾಗಾಗಿ ಈ ಪತ್ರ ನೀರಾವರಿ ಇಲಾಖೆಯವರ ಕಣ್ಣಿಗೂ ಬೀಳಲಿ. ನಾಲೆಯ ಹೂಳು ತೆಗೆಯುವ ವರ್ಷ ಬಸಿಗಾಲುವೆಯ ಹೂಳನ್ನೂ ತೆಗೆಸಿ.

ಎಷ್ಟು ಜಿಪ್ಸಂ? ಇದಕ್ಕೇ ಅಂಕಿ ಬೇಕು ಅನ್ನುವುದು. ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ, 100 ಗ್ರಾಂಗೆ ಒಂದು ಮಿಲಿ ಈಕ್ವಿವಲೆಂಟ್ ಸೋಡಿಯಂ ತೆಗೆಯಲು ಎಕರೆಗೆ ಸುಮಾರು 7ರಿಂದ 8 ಕ್ವಿಂಟಾಲ್ ಶುದ್ಧ ಜಿಪ್ಸಂ ಬೇಕು. ಜೇಡಿ ಕಡಿಮೆ ಇರುವ ಮಣ್ಣಿನಲ್ಲಿ ಸೋಡಿಯಂ ಕೂರಲು ಜಾಗವೇ ಕಡಿಮೆ, ಒಂದೆರಡು ಮಾನ ತೆಗೆದರೆ ಮುಗಿಯಿತು. ಉಬ್ಬುವ ಜೇಡಿ ತುಂಬಿದ ಗದ್ದೆಯಲ್ಲಿ ಅದು ಐದೋ ಆರೋ ಪಟ್ಟು ಆಗಬಹುದು. ಎಲ್ಲರಿಗೂ ಎಕರೆಗೆ ಇಷ್ಟು ಮೂಟೆ ಅಂತ ಒಂದೇ ಮಾತು ಹೇಳಿದರೆ, ಒಬ್ಬರಿಗೆ ಹೆಚ್ಚಾಗುತ್ತದೆ, ಇನ್ನೊಬ್ಬರಿಗೆ ಸಾಲುವುದಿಲ್ಲ. ಸಾಲದೇ ಹೋದವರು "ಜಿಪ್ಸಂ ಹಾಕಿದ್ವಿ, ಏನೂ ಆಗ್ಲಿಲ್ಲ" ಅಂತ ಕೈಬಿಡುತ್ತಾರೆ.

ಇನ್ನೊಂದು ಗೊಂದಲವಿದೆ. ಬಿಳಿ ಉಪ್ಪು ಕಂಡ ಎಲ್ಲ ಗದ್ದೆಗೂ ಜಿಪ್ಸಂ ಬೇಡ. ಲವಣಾಂಶ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿ, ರಸಸಾರ 8.5ಕ್ಕಿಂತ ಕಡಿಮೆ ಇದ್ದು, ಜೇಡಿಯ ಮೇಲಿನ ಸೋಡಿಯಂ ಶೇ. 15ಕ್ಕಿಂತ ಕಡಿಮೆ ಇದ್ದರೆ ಅದು ಬರೀ ಉಪ್ಪಿನ ಮಣ್ಣು. ಒಳ್ಳೆಯ ನೀರು ನಿಲ್ಲಿಸಿ ಬಸಿದರೆ ಸರಿಹೋಗುತ್ತದೆ. ಸೋಡಿಯಂ ಶೇ. 15 ದಾಟಿದರೆ, ರಸಸಾರ 8.5 ಮೀರಿದರೆ ಅದು ಕ್ಷಾರದ ಮಣ್ಣು, ಅಲ್ಲಿ ಬರೀ ನೀರು ಹಾಯಿಸಿದರೆ ಇನ್ನಷ್ಟು ಕೆಡುತ್ತದೆ. ಕಣ್ಣಿಗೆ ಎರಡೂ ಹತ್ತಿರ ಹತ್ತಿರ ಒಂದೇ ಥರ. ಚೀಟಿಯ ಲವಣಾಂಶ, ರಸಸಾರ ಅರ್ಧ ದಾರಿ ತೋರಿಸುತ್ತವೆ. ಸೋಡಿಯಂ ಅಂಕಿ ಇಲ್ಲದೆ ಉಳಿದರ್ಧ ಕತ್ತಲೆ.

ಜೇಡಿ ಅಳೆಯುವುದು ಕಷ್ಟವೇ? ಅಲ್ಲ. ಒಂದು ಲೀಟರಿನ ಗಾಜಿನ ಸಿಲಿಂಡರ್, ಒಂದು ಹೈಡ್ರೋಮೀಟರ್, ಗಡಿಯಾರ, ಥರ್ಮಾಮೀಟರ್ ಇದ್ದರೆ ಸಾಕು. 40 ಸೆಕೆಂಡಿಗೆ ಒಂದು ರೀಡಿಂಗ್, 2 ಗಂಟೆಗೆ ಇನ್ನೊಂದು. ದಪ್ಪ ಕಣ ಬೇಗ ಇಳಿಯುತ್ತದೆ, ಸಣ್ಣ ಕಣ ನಿಧಾನ ಅನ್ನುವ ನಿಯಮವೇ ಅದರ ಆಧಾರ. ಕಣಗಳು ಗುಂಪು ಬಿಟ್ಟು ಬಿಡಿಯಾಗಲಿ ಅಂತ ಅದಕ್ಕೆ ಹಾಕುವ ರಾಸಾಯನಿಕ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್. ಲ್ಯಾಬಿನಲ್ಲಿ ಬೇಕೆಂದೇ ಸೋಡಿಯಂ ಹಾಕಿ ಮಾಡುವ ಕೆಲಸ ಅಜ್ಜನ ಗದ್ದೆಯಲ್ಲಿ ತಾನಾಗಿ ಆಗುತ್ತಿದೆ. ಸತು, ಬೋರಾನ್ ಅಳೆಯುವ ದುಬಾರಿ ಯಂತ್ರ ಇಟ್ಟುಕೊಂಡಿರುವ ಪ್ರಯೋಗಾಲಯಕ್ಕೆ ಸಿಲಿಂಡರ್ ಹೊರೆಯಾಗಲಾರದು. ಎಲ್ಲ ಮಾದರಿಗೂ ಆಗದಿದ್ದರೆ, ಮಣ್ಣು ತೆಗೆಯುವವರೇ ಜಮೀನಿನಲ್ಲಿ ಕೈಪರೀಕ್ಷೆ ಮಾಡಲಿ. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿ ಎಳೆದರೆ ಆಯಿತು. ಮರಳಾದರೆ ಪಟ್ಟಿ ಬರುವುದೇ ಇಲ್ಲ. ಎರಡೂವರೆ ಸೆಂಟಿಮೀಟರಿಗೆ ಮುರಿದರೆ ಜೇಡಿ ಕಡಿಮೆ, ಐದು ಸೆಂಟಿಮೀಟರ್ ದಾಟಿದರೆ ಜೇಡಿ ಮಣ್ಣು. ಎರಡು ನಿಮಿಷದ ಕೆಲಸ. ಅದನ್ನು ಚೀಟಿಯಲ್ಲಿ ಒಂದು ಪದದಲ್ಲಿ ಬರೆದರೂ ರೈತನಿಗೆ ಬಹಳ ಉಪಕಾರ.

ರೈತ ಬಂಧುಗಳೇ, ನಿಮಗೂ ಎರಡು ಮಾತು. ಮಣ್ಣು ತೆಗೆಯಲು ಬಂದವರ ಜೊತೆ ನೀವೇ ಹೋಗಿ. ಬದುವಿನ ಮೇಲೆ, ಮರದ ಕೆಳಗೆ, ತಿಪ್ಪೆ ಇದ್ದ ಜಾಗದಲ್ಲಿ ತೆಗೆಯಲು ಬಿಡಬೇಡಿ. ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ 15 ಸೆಂಟಿಮೀಟರ್ ಗುಂಡಿ ತೆಗೆದು, ಅದರ ಪಕ್ಕದ ಮಣ್ಣನ್ನು ಸೀಳಿ ತೆಗೆಯಬೇಕು. ಹತ್ತಾರು ಕಡೆಯ ಮಣ್ಣು ಬೆರೆಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕೆಜಿಗೆ ಇಳಿಸಿ, ನೆರಳಲ್ಲಿ ಒಣಗಿಸಿ. ಏರಿನ ಹೊಲದ ಮಣ್ಣನ್ನೂ ತಗ್ಗಿನ ಗದ್ದೆಯ ಮಣ್ಣನ್ನೂ ಬೆರೆಸಲೇಬೇಡಿ, ಬೇರೆ ಬೇರೆ ಚೀಲ ಕೊಡಿ. ಕೆರೆ ಗೋಡು (ಕೆರೆಯ ಹೂಳು ಮಣ್ಣು) ಹೊಡೆಸುವವರು ಮೊದಲು ಹೊಲದ ಮಣ್ಣು ನೋಡಿಕೊಳ್ಳಿ. ಮರಳು ಜಾಸ್ತಿ ಇರುವ ಕೆಬ್ಬೆಗೆ ಗೋಡು ವರ, ನೀರು ಗೊಬ್ಬರ ಎರಡೂ ನಿಲ್ಲುತ್ತವೆ. ಮೊದಲೇ ಜೇಡಿ ತುಂಬಿದ ಗದ್ದೆಗೆ ಅದೇ ಗೋಡು ಹೊಡೆದರೆ ಹದ ಕೆಡುತ್ತದೆ. ಅಲ್ಲಿ ಬೇಕಾದ್ದು ಕೊಟ್ಟಿಗೆ ಗೊಬ್ಬರ, ನಾಟಿಗೆ ಮೊದಲು ಬಿತ್ತಿ ಮಣ್ಣಿಗೆ ಸೇರಿಸುವ ಡಯಂಚ. ಡಯಂಚ ಚೌಳನ್ನೂ ತಡೆದುಕೊಂಡು ಬೆಳೆಯುತ್ತದೆ.

ಅಧಿಕಾರಿಗಳೇ, ಎಲ್ಲ ತಾಲ್ಲೂಕಿನಲ್ಲೂ ಒಂದೇ ಸಲ ಮಾಡಿ ಅಂತ ನಾನು ಹೇಳುತ್ತಿಲ್ಲ. ನಾಲೆಯ ಕೊನೆಯ ಭಾಗದ ಒಂದು ಹೋಬಳಿಯಿಂದ ಶುರು ಮಾಡಿ. ಮುಂಗಾರು ಭತ್ತ ಕೊಯ್ದು ಗದ್ದೆ ಖಾಲಿ ಇರುವಾಗ ಮಾದರಿ ತೆಗೆಸಿ. ರಸಸಾರ 8.5 ದಾಟಿದ ಮಾದರಿಗಳನ್ನು ಬೇರೆ ಇಟ್ಟು ಸೋಡಿಯಂ ನೋಡಿಸಿ. ನಮ್ಮ ಜಿಲ್ಲೆಯಲ್ಲೇ ಕೃಷಿ ಕಾಲೇಜು ಇರುವ ವಿ.ಸಿ. ಫಾರಂ ಇದೆ, ಅಲ್ಲಿ ಮಣ್ಣಿನ ವಿಜ್ಞಾನ ಓದಿದವರಿದ್ದಾರೆ, ಓದುತ್ತಿರುವ ಮಕ್ಕಳಿದ್ದಾರೆ. ಅವರನ್ನು ಕರೆಯಿರಿ, ಸಂತೋಷವಾಗಿ ಬರುತ್ತಾರೆ ಅನ್ನುವ ಭರವಸೆ ನನಗಿದೆ. ಕೈಪರೀಕ್ಷೆ ಕಲಿಸುವ ಕೆಲಸಕ್ಕೆ, ಹಳ್ಳಿಯಲ್ಲಿ ಬಾಟಲಿ ಪ್ರಯೋಗ ತೋರಿಸುವ ಕೆಲಸಕ್ಕೆ ನಾನೂ ಬರುತ್ತೇನೆ, ನನ್ನ ಶಾಲೆಯ ಮಕ್ಕಳೂ ಬರುತ್ತಾರೆ. ಭಾನುವಾರ ಆದರೆ ಅನುಕೂಲ. ಯಾವ ಹೋಬಳಿ, ಯಾವ ತಿಂಗಳು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮದ್ದೂರು ತಾಲ್ಲೂಕಿನ ಒಬ್ಬ ವಿಜ್ಞಾನ ಶಿಕ್ಷಕಿ